ಎಳೆ ಬಿಯರು, ಅತ್ತೆಯ ಮೂಗು

(ಹುತ್ರಿದುರ್ಗದ ಬೆಟ್ಟ, ಸಂಕ್ರಾಂತಿ ಕಳೆದ ಮೇಲಿನ ಒಂದು ಬೆಳಗ್ಗೆ. ಮಾತಾಡುವವರು ಇಬ್ಬರು. ಒಬ್ಬರು ತಪ್ಪಲಿನ ಸಂತೇಪೇಟೆ ಕಡೆಯ ಸೋದರತ್ತೆ. ಇನ್ನೊಬ್ಬಳು ಅವರ ಸೋದರಸೊಸೆ, ಅಂದರೆ ಅಣ್ಣನ ಮಗಳು, ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಸಂಸಾರ, ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸ. ಅತ್ತೆ ಅಲ್ಲಿ ಕೆಲವು ತಿಂಗಳು ಇದ್ದು ಬಂದವರು. ಕುಡಿಯುವವರಲ್ಲ.)

ಅತ್ತೆ: ಈ ಕೋಟೆ ಬಾಗಿಲ ನೆರಳಲ್ಲೇ ಕೂತ್ಕೊ. ಮುಂದಕ್ಕೆಲ್ಲಾ ಬರೀ ಬಂಡೆ, ಮೇಲೆ ಶಂಕರೇಶ್ವರನ ಗುಡಿವರೆಗೂ ಬಿಸಿಲೇ. ಅದ್ಸರಿ, ನಾನು ನಿಮ್ಮನೇಲಿದ್ದಾಗ ಕಾರ್ ಶೆಡ್ಡಲ್ಲಿ ಮಾಡಿಟ್ಟಿದ್ದೆಯಲ್ಲ ಬಿಯರು, ಬೆಣ್ಣೆ ವಾಸನೆ ಬರ್ತಾ ಐತೆ ಅಂದಿದ್ದೆ. ಏನಾಯ್ತು ಅದು?

ಸೊಸೆ: ನೀವು ಊರಿಗೆ ಹೊರಟ ಮೇಲೆ ಬೆಣ್ಣೆ ಹೋಯ್ತು ಅತ್ತೆ. ನಮ್ಮನೆಯವರು ಅರ್ಧ ಲೋಟ ಕುಡಿದು ‘ಚೆನ್ನಾಗಿದೆ, ಬಾಟ್ಲಿಗೆ ತುಂಬಿಬಿಡು’ ಅಂದಿದ್ರು. ನೀವು ಒಂದು ತೊಟ್ಟೂ ಕುಡಿಯದೆ ಬೇಡ ಅಂದ್ರಿ. ನಿಮ್ಮ ಮಾತೇ ಸರಿಯಾಯ್ತು.

ಅತ್ತೆ: ಕುಡಿಯೋರಿಗೆ ಎಲ್ಲಾನೂ ಚೆನ್ನಾಗೇ ಇರುತ್ತೆ ಬಿಡು.

ಸೊಸೆ: ಯೆಂಡ್ಕುಡ್ಕ ರತ್ನನನ್ನ ನಮಗೆ ಕೊಟ್ಟ ಕವಿ ರಾಜರತ್ನಂ ಅವರೂ ಹೆಂಡ ಮುಟ್ಟಿದವರಲ್ಲವಂತೆ. ನಿಮ್ಮದು ಅದೇ ಪಂಗಡ. ತಮಾಷೆ ಅಲ್ಲ, ಎಳೆ ಬಿಯರನ್ನ ನೋಡೋಕೆ ಬೇಕಾಗಿರೋದು ಕುಡಿಯೋ ಆಸೆ ಇಲ್ಲದ ಮೂಗೇ.

ಅತ್ತೆ: ಎಳೆ ಬಿಯರು ಅಂದ್ರೆ?

ಸೊಸೆ: ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿನೀರನ್ನ ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಈಸ್ಟ್ ಹಾಕಿರ್ತೀವಿ. ಅದು ನಾಕೈದು ದಿನ ನೊರೆ ಕಟ್ಟಿಕೊಂಡು ಕುಣಿಯುತ್ತೆ. ಆಮೇಲೆ ಅಬ್ಬರ ಇಳಿಯುತ್ತೆ. ಅಷ್ಟೊತ್ತಿಗೆ ಸಕ್ಕರೆ ಬಹುಪಾಲು ಆಲ್ಕೋಹಾಲ್ ಆಗಿರುತ್ತೆ. ಲೆಕ್ಕಕ್ಕೆ ಬಿಯರೇ, ರುಚಿಗೆ ಇನ್ನೂ ಅಲ್ಲ. ಗ್ಯಾಸ್ ಇಲ್ಲ, ಬಗ್ಗಡದ ಹಾಗೆ ಕದಡಿಕೊಂಡಿರುತ್ತೆ, ಈಸ್ಟಿನ ಕಹಿ ನಾಲಿಗೆ ಮೇಲೆ ಕೂತುಬಿಡುತ್ತೆ. ಈ ಹೊತ್ತಿಗೇ ಎಲ್ಲರೂ ಒಂದು ಲೋಟ ತೆಗೆದು ಕುಡಿದು ನೋಡೋದು. ನೋಡಿ, ಹೊಸಬರಾದರೆ ಮುಖ ಸಿಂಡರಿಸಿ ಮಾಡಿದ್ದಷ್ಟನ್ನೂ ಬಚ್ಚಲಿಗೆ ಸುರಿಯೋದು.

ಅತ್ತೆ: ಉಪ್ಪಿನಕಾಯಿ ಹಾಕಿದ ದಿನವೇ ನೆಕ್ಕಿ ನೋಡಿ, ಬರೀ ಉಪ್ಪು ಅಂತ ಎಸೆದಂಗಾಯ್ತು. ಮೊದಲನೇ ದಿನ ಉಪ್ಪು ಮುಂದಾಗೇ ಇರಬೇಕು. ಇಲ್ಲದಿದ್ರೆ ತಿಂಗಳೊಳಗೆ ಬೂಸ್ಟು ಹಿಡಿಯುತ್ತೆ.

ಸೊಸೆ: ನಾನು ಹೇಳಬೇಕೂಂತಿದ್ದ ಮಾತು ಅದೇ. ಉಪ್ಪಿನಕಾಯಿ ಹಾಕಿದ ದಿನ ನೀವು ನೆಕ್ಕಿ ನೋಡೋದು ರುಚಿಗಲ್ಲ, ಅದು ಮುಂದಕ್ಕೆ ಏನಾಗುತ್ತೆ ಅಂತ ತಿಳಿಯೋಕೆ. ಎಳೆ ಬಿಯರಿಗೂ ‘ಚೆನ್ನಾಗಿದೆಯಾ’ ಅನ್ನೋದು ತಪ್ಪು ಪ್ರಶ್ನೆ. ಈ ವಾಸನೆ ತಾನಾಗೇ ಹೋಗೋದಾ, ಹಾಗೇ ಉಳಿಯೋದಾ, ಇನ್ನೂ ಬೆಳೆಯೋದಾ, ಇಷ್ಟು ಕೇಳಿದರೆ ಸಾಕು.

ಅತ್ತೆ: ಬೆಣ್ಣೆ ಹೋಗೋದು ಅಂತ ನಿನಗೆ ಹೆಂಗೆ ಗೊತ್ತಿತ್ತು? ನನಗಂತೂ ಗೊತ್ತಿರಲಿಲ್ಲ. ವಾಸನೆ ಬಂತು, ಹೇಳಿದೆ.

ಸೊಸೆ: ಆ ಬೆಣ್ಣೆಯ ಹೆಸರು ಡೈಅಸಿಟೈಲ್. ಈಸ್ಟ್ ಬೆಳೆಯೋವಾಗ ಒಂದು ಪದಾರ್ಥವನ್ನ ಹೊರಕ್ಕೆ ಬಿಡುತ್ತೆ. ಅದಕ್ಕೆ ಯಾವ ವಾಸನೆಯೂ ಇಲ್ಲ. ಈಸ್ಟಿನಿಂದ ಹೊರಗೆ ಬಂದ ಮೇಲೆ ಅದು ನಿಧಾನಕ್ಕೆ ಮಾರ್ಪಟ್ಟು ಡೈಅಸಿಟೈಲ್ ಆಗುತ್ತೆ, ಆಗ ಬೆಣ್ಣೆ ವಾಸನೆ ಏಳುತ್ತೆ. ಅದನ್ನ ಮತ್ತೆ ಒಳಗೆ ಎಳಕೊಂಡು ವಾಸನೆಯಿಲ್ಲದ ಇನ್ನೊಂದನ್ನಾಗಿ ಮಾಡೋದೂ ಅದೇ ಈಸ್ಟು. ಆದರೆ ಈಸ್ಟ್ ಬದುಕಿರಬೇಕು, ಪೂರ್ತಿ ತಳ ಸೇರಿರಬಾರದು, ತೀರಾ ತಣ್ಣಗೂ ಇರಬಾರದು. ಆತುರಪಟ್ಟು ಫ್ರಿಜ್ಜಿಗೆ ಇಟ್ಟರೆ ಈಸ್ಟ್ ಮಲಗಿಬಿಡುತ್ತೆ, ಬೆಣ್ಣೆ ಉಳಿದುಬಿಡುತ್ತೆ. ಅದಕ್ಕೇ ತಣ್ಣಗೆ ಹುಳಿಸುವ ಲಾಗರ್ ಬಿಯರಿಗೆ ಕೊನೇಲಿ ಎರಡು ಮೂರು ದಿನ 18, 20 ಡಿಗ್ರಿವರೆಗೆ ಕಾವು ಏರಿಸ್ತಾರೆ.

ಅತ್ತೆ: ಅವತ್ತು ಎರಡು ಲೋಟ ಇಟ್ಟುಕೊಂಡು ಏನೋ ಮಾಡಿದೆಯಲ್ಲ.

ಸೊಸೆ: ಅದೇ ಪರೀಕ್ಷೆ. ಎರಡು ಲೋಟಕ್ಕೂ ಅದೇ ಬಿಯರು. ಒಂದನ್ನ ಹಾಗೇ ಮುಚ್ಚಿಟ್ಟೆ. ಇನ್ನೊಂದನ್ನ ಮುಚ್ಚಿ, 60 ಡಿಗ್ರಿ ಆಸುಪಾಸಿನ ಬಿಸಿನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ ನಿಲ್ಲಿಸಿದೆ. ಆಮೇಲೆ ಅದನ್ನೂ ಆರಿಸಿ ನಿಮ್ಮ ಮುಂದೆ ಎರಡನ್ನೂ ಇಟ್ಟೆ. ನೀವು ಮೊದಲನೇದನ್ನ ಮೂಸಿ ಸುಮ್ಮನಿದ್ರಿ. ಎರಡನೇದರ ಮುಚ್ಚಳ ತೆಗೆದ ಕೂಡಲೇ ‘ಇದರಲ್ಲಿ ಬೆಣ್ಣೆ ಕಾಯಿಸ್ತಾವ್ರೆ’ ಅಂದ್ರಿ.

ಅತ್ತೆ: ಹೂಂ, ತುಪ್ಪ ಆಗೋಕೆ ಮುಂಚೆ, ಇನ್ನೂ ನೊರೆ ಇರೋವಾಗ ಬರುತ್ತಲ್ಲ, ಆ ವಾಸನೆ.

ಸೊಸೆ: ಬಿಸಿ ಮಾಡಿದಾಗ ವಾಸನೆಯಿಲ್ಲದೆ ಬಚ್ಚಿಟ್ಟುಕೊಂಡಿದ್ದೆಲ್ಲ ಒಂದೇ ಸಲಕ್ಕೆ ಡೈಅಸಿಟೈಲ್ ಆಗಿ ಹೊರಬೀಳುತ್ತೆ. ಬಿಸಿ ಮಾಡದ ಲೋಟದಲ್ಲಿ ಇಲ್ಲ, ಬಿಸಿ ಮಾಡಿದ್ದರಲ್ಲಿ ಇದೆ ಅಂದರೆ, ಈಗ ಬಾಟ್ಲಿಗೆ ತುಂಬಿದರೆ ಮುಂದೆ ಬೆಣ್ಣೆ ಬಂದೇ ಬರುತ್ತೆ ಅಂತ ಅರ್ಥ. ನಮ್ಮನೆಯವರು ಕುಡಿದದ್ದು ಮೊದಲನೇ ಲೋಟ. ಅವರ ನಾಲಿಗೆ ತಪ್ಪಲ್ಲ, ಅವರು ಆ ದಿನದ ರುಚಿ ಹೇಳಿದ್ರು.

ಅತ್ತೆ: ಗಂಡನ್ನ ಬಿಟ್ಟುಕೊಡಲ್ಲ ನೀನು. ಬೆಣ್ಣೆ ಬಿಟ್ಟರೆ ಇನ್ನೇನು ಬರುತ್ತೆ?

ಸೊಸೆ: ಹಸಿರು ಸೇಬನ್ನ ಹೆಚ್ಚಿದಾಗಿನ ವಾಸನೆ, ಕೆಲವರ ಮೂಗಿಗೆ ಹಸಿ ಕುಂಬಳಕಾಯಿ. ಅದು ಅಸಿಟಾಲ್ಡಿಹೈಡ್. ಸಕ್ಕರೆ ಆಲ್ಕೋಹಾಲ್ ಆಗೋ ದಾರೀಲಿ ಕೊನೇ ಮೆಟ್ಟಿಲು ಅದು. ಈಸ್ಟ್ ಇನ್ನೂ ಕೆಲಸ ಮುಗಿಸಿಲ್ಲ ಅಂತ ಹೇಳುತ್ತೆ. ಕಾದರೆ ಹೋಗುತ್ತೆ. ಬೆಂಕಿಕಡ್ಡಿ ಗೀರಿದ ಹಾಗೆ, ಬೇಯಿಸಿದ ಮೊಟ್ಟೆ ಹಾಗೆ ಗಂಧಕದ ವಾಸನೆ ಬಂದರೂ ಹೆದರಬೇಕಿಲ್ಲ. ಲಾಗರಿನಲ್ಲಿ ಅದು ಮಾಮೂಲು, ಏಳೋ ಗ್ಯಾಸಿನ ಜೊತೆ ಬಹಳಷ್ಟು ಆಚೆ ಹೋಗುತ್ತೆ, ಉಳಿದದ್ದು ತಣ್ಣಗಿಟ್ಟಾಗ ಇಳಿಯುತ್ತೆ. ಹಿಟ್ಟಿನ ವಾಸನೆ, ಬ್ರೆಡ್ಡಿನ ವಾಸನೆ ಈಸ್ಟ್ ತಳಕ್ಕೆ ಕೂತ ಹಾಗೆ ಕಮ್ಮಿಯಾಗುತ್ತೆ.

ಅತ್ತೆ: ಎಲ್ಲಾನೂ ಹೋಗುತ್ತೆ ಅಂತೀಯ. ಹಂಗಾದ್ರೆ ಮೂಸಿ ನೋಡೋದು ಯಾಕೆ, ಸುಮ್ಮನೆ ಮುಚ್ಚಿಟ್ಟರಾಯ್ತು.

ಸೊಸೆ: ಹೋಗದೇ ಇರೋವೂ ಇವೆ ಅತ್ತೆ. ‘ಇಡು, ತಾನಾಗೇ ಸರಿಹೋಗುತ್ತೆ’ ಅನ್ನೋದು ಬಿಯರ್ ಮಾಡೋರ ಬಾಯಲ್ಲಿ ಸವೆದುಹೋದ ಮಾತು. ನನ್ನ ಕೇಳಿದರೆ ಅದು ಅರ್ಧಕ್ಕರ್ಧ ಸೋಮಾರಿತನ. ಆಸ್ಪತ್ರೆ ವಾಸನೆ, ಗಾಯದ ಪಟ್ಟಿ ವಾಸನೆ ಅಂತ ಒಂದಿದೆ. ನಲ್ಲಿ ನೀರಿನ ಕ್ಲೋರಿನ್ ಮಾಲ್ಟಿನ ಜೊತೆ ಸೇರಿದರೆ ಹುಟ್ಟೋದು ಅದು. ಕಣದಷ್ಟು ಇದ್ದರೂ ಮೂಗಿಗೆ ತಿಳಿಯುತ್ತೆ. ವರ್ಷ ಇಟ್ಟರೂ ಹೋಗಲ್ಲ. ಅದನ್ನ ನೀರಿನಲ್ಲೇ ತಡೀಬೇಕು, ಬಿಯರಿನಲ್ಲಿ ಆಗಲ್ಲ.

ಅತ್ತೆ: ನಮ್ಮ ಬಾವಿ ನೀರಾದ್ರೆ ಆ ಗೋಳಿಲ್ಲ.

ಸೊಸೆ: ಇನ್ನು ವಿನಿಗರ್ ಹುಳಿ. ಗಾಳಿ ಆಡಿ, ಬೇಡದ ಬ್ಯಾಕ್ಟೀರಿಯಾ ಸೇರಿಕೊಂಡರೆ ಬರೋದು. ಅದು ಬೆಳೆಯೋ ಜಾತಿ. ಎಳೇದರಲ್ಲಿ ಚಿಟಿಕೆಯಷ್ಟು ಕಂಡರೆ ತಿಂಗಳು ಬಿಟ್ಟು ಬಾಟ್ಲಿ ತುಂಬಾ ಅದೇ. ಹಾಳಾದದ್ದನ್ನ ಮಾಗಲಿ ಅಂತ ಕಾಯೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ.

ಅತ್ತೆ: ಹುಳಿ ನನಗೆ ಗೊತ್ತು. ನಾನು ಚಿಕ್ಕವಳಿದ್ದಾಗ ನಮ್ಮೂರ ಕೆರೆ ಏರಿ ಕಡೆ, ಹಳ್ಳದ ಸಾಲಿನಲ್ಲಿ ಈಚಲು ಮರ ಎಷ್ಟಿದ್ದೋ. ಬೆಳಗ್ಗೆ ಇಳಿಸಿದ್ದು ಸಿಹಿ. ಹೊತ್ತು ಏರಿದಂಗೆ ನೊರೆ, ಸಂಜೆಗೆ ಹುಳಿ. ಹೆಂಡದಂಗಡಿ ಮುಂದೆ ಹಾದುಹೋಗೋವಾಗ ಸೆರಗು ಮೂಗಿಗೆ ಹಿಡ್ಕೊಂಡು ಹೋಗ್ತಿದ್ದೋ, ಆದರೂ ವಾಸನೇಲೇ ಗೊತ್ತಾಗೋದು ಇದು ಬೆಳಗಿಂದು, ಇದು ನೆನ್ನೇದು ಅಂತ. ಹೆಂಡವನ್ನ ಮಾಗಲಿ ಅಂತ ಯಾರೂ ಇಟ್ಟೋರಿಲ್ಲ.

ಸೊಸೆ: ಇಡೋಕಾಗಲ್ಲ. ಮರದಿಂದ ಇಳಿಯೋವಾಗಲೇ ಅದರಲ್ಲಿ ಈಸ್ಟೂ ಇರುತ್ತೆ, ಹುಳಿ ಮಾಡೋ ಬ್ಯಾಕ್ಟೀರಿಯಾನೂ ಇರುತ್ತೆ. ಕುದಿಸೋದಿಲ್ಲ, ಹಾಪ್ಸ್ ಇಲ್ಲ. ಹಾಪ್ಸಿನ ಕಹಿ ಇದೆಯಲ್ಲ, ಅದು ರುಚಿಗೆ ಮಾತ್ರ ಅಲ್ಲ, ಹುಳಿ ಮಾಡೋ ಎಷ್ಟೋ ಬ್ಯಾಕ್ಟೀರಿಯಾನ ತಡೆಯುತ್ತೆ. ಹೆಂಡಕ್ಕೆ ಬೆಳಗ್ಗೆಯಿಂದ ಇಳಿಜಾರು. ಬಿಯರು ಮೊದಲು ಏರಿ ಆಮೇಲೆ ಇಳಿಯುತ್ತೆ. ಏರೋ ಹಾದೀಲಿ ಇದೆಯೋ, ಆಗಲೇ ಇಳೀತಿದೆಯೋ ಅಂತ ಎಳೇದರಲ್ಲೇ ಹಿಡಿಯಬೇಕು.

ಅತ್ತೆ: ಹಾಪ್ಸು ಅಂದ್ರೆ ನೀನು ತೋರಿಸಿದ್ದೆಯಲ್ಲ, ಹಸಿರು ಮೊಗ್ಗಿನಂಗಿರೋದು, ಬೆರಳಿಗೆ ಅಂಟು ಹತ್ತುತ್ತೆ.

ಸೊಸೆ: ಅದೇ. ಈ ಬೆಟ್ಟಕ್ಕೂ ಆ ಹಾಪ್ಸಿಗೂ ಒಂದು ನಂಟಿದೆ ನೋಡಿ. ಆಗೋ, ಅಲ್ಲಿ ಕಾಣ್ತಿರೋದು ಸಾವನದುರ್ಗ ತಾನೆ? 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಕೈಯಿಂದ ಮೊದಲು ಅದನ್ನ ತಗೊಂಡಿತು, ಅದರ ಬೆನ್ನಿಗೇ ಕೆಂಪೇಗೌಡರ ಈ ಕೋಟೆಯನ್ನೂ. ಇಂಗ್ಲಿಷರ ಕಾಗದಪತ್ರದಲ್ಲಿ ಹುತ್ರಿದುರ್ಗ ‘ಔಟ್ರಾಡ್ರೂಗ್’ ಆಗಿಹೋಗಿದೆ.

ಅತ್ತೆ: ಅವರ ನಾಲಿಗೇಗೆ ಇನ್ನೇನು ಬಂದೀತು.

ಸೊಸೆ: ಆ ಸೈನ್ಯದ ಬಿಳಿ ಸಿಪಾಯಿಗಳಿಗೆ ಸಿಗ್ತಿದ್ದದ್ದು ಅರಕ್ಕು. ಬಿಯರು ದೊರೆಗಳಿಗೆ, ಕಂಪನಿ ಅಧಿಕಾರಿಗಳಿಗೆ. ಅದೇ ಕಾಲದಲ್ಲಿ ಲಂಡನ್ನಿನ ಬೋ ಅನ್ನೋ ಕಡೆ ಹಾಡ್ಜ್‌ಸನ್ ಅನ್ನೋರ ಬ್ರೂವರಿಯಿಂದ ಬಿಯರಿನ ಪೀಪಾಯಿಗಳು ಹಡಗು ಹತ್ತಿ ಇಂಡಿಯಾಕ್ಕೆ ಬರ್ತಿದ್ವು. ಸೂಯೆಜ್ ಕಾಲುವೆ ಇನ್ನೂ ಇಲ್ಲ. ಆಫ್ರಿಕಾ ಸುತ್ತಿಕೊಂಡು, ಭೂಮಧ್ಯರೇಖೆಯನ್ನ ಎರಡು ಸಲ ದಾಟಿ, ತಿಂಗಳುಗಟ್ಟಲೆ ಪಯಣ. ಹಾಪ್ಸ್ ದಂಡಿಯಾಗಿ ಸುರಿದು ಮಾಡಿದ ಬಿಯರು, ಲಂಡನ್ನಿನಲ್ಲಿ ಎಳೇದಿರೋವಾಗ ಬಾಯಿಗಿಡೋ ಹಾಗಿರ್ತಿರಲಿಲ್ಲ, ಕಡುಕಹಿ. ಹಡಗಿನ ಹೊಟ್ಟೇಲಿ ಕುಲುಕಾಡಿಕೊಂಡು, ಸೆಖೆಯಲ್ಲಿ ಬೆಂದು ಇಲ್ಲಿಗೆ ಬರೋಷ್ಟರಲ್ಲಿ ಹದವಾಗಿರ್ತಿತ್ತು. ಇಂಡಿಯಾ ಪೇಲ್ ಏಲ್ ಅನ್ನೋ ಹೆಸರು ಬಿದ್ದದ್ದು ಆಮೇಲೆ.

ಅತ್ತೆ: ಅಂದ್ರೆ ಮಾಡಿದೋನು ಒಬ್ಬ, ಅಲ್ಲಿ. ಕುಡಿಯೋನು ಇನ್ನೊಬ್ಬ, ಇಲ್ಲಿ. ಮಾಡಿದೋನು ಇಲ್ಲಿಗೆ ಬಂದ ಮೇಲಿನ ರುಚಿ ನೋಡೋಕೇ ಆಗಲ್ಲ.

ಸೊಸೆ: ಅಲ್ಲೇ ಇರೋದು ಅತ್ತೆ ಆ ಕಸುಬಿನ ಗಟ್ಟಿತನ. ಲಂಡನ್ನಿನ ಚಳಿಯಲ್ಲಿ ಬಾಯಿ ಒಗರಾಗೋ ಬಿಯರನ್ನ ಮೂಸಿ, ಇದು ಕಹಿಯಾಗಿರೋದೇ ಸರಿ, ಮದ್ರಾಸಿಗೆ ಮುಟ್ಟೋಷ್ಟರಲ್ಲಿ ಇಳಿಯುತ್ತೆ ಅಂತ ಹೇಳಬೇಕಿತ್ತು. ಇವತ್ತಿನ ರುಚಿ ಹಿತವಾಗಿದ್ದರೆ ಅದನ್ನ ಹಡಗಿಗೆ ಹತ್ತಿಸೋ ಹಾಗಿಲ್ಲ. ಅಲ್ಲಿ ಹಿತ ಅಂದರೆ ಇಲ್ಲಿ ಸಪ್ಪೆ.

ಅತ್ತೆ: ಹಂಗಾದ್ರೆ ನೀನು ಮಾಡೋದೆಲ್ಲಾ ವರ್ಷ ಇಡೋದೇ ಒಳ್ಳೇದು ಅಂತಾಯ್ತು.

ಸೊಸೆ: ಇಲ್ಲ ಇಲ್ಲ. ಈಗಿನ ಕಾಲದ ಪೇಲ್ ಏಲ್ ಬೇರೆ, ಅದರಲ್ಲಿ ಹಾಪ್ಸ್ ಹಾಕೋದು ಘಮಲಿಗೆ. ಕಿತ್ತಳೆ ಸಿಪ್ಪೆ, ಮಾವಿನಹಣ್ಣು, ಪೈನ್ ಮರದ ಅಂಟು, ಇಂಥ ವಾಸನೆ. ಮೊದಲು ಹಾರಿಹೋಗೋದೇ ಅದು. ಗೋಧಿ ಬಿಯರಂತೂ ಹೊಸದರಲ್ಲೇ ಚೆಂದ. ಇಟ್ಟಷ್ಟೂ ಗಾಳಿ ತಾಗಿ ನೆಂದ ರಟ್ಟಿನ ಡಬ್ಬದ ವಾಸನೆ ಬರುತ್ತೆ. ಸೆಖೆ ಇದ್ದರೆ ಇನ್ನೂ ಬೇಗ. ಆಲ್ಕೋಹಾಲ್ ಜಾಸ್ತಿ ಇರೋ ಕಪ್ಪು ಬಿಯರು, ಬಾರ್ಲಿವೈನ್ ಅಂತಾರಲ್ಲ ಅದು, ಇವು ಮಾತ್ರ ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಮಾಗುತ್ವೆ. ಎಳೇದರಲ್ಲಿ ಗಂಟಲು ಉರಿಸೋದು ಆಮೇಲೆ ಖರ್ಜೂರ, ಒಣದ್ರಾಕ್ಷಿ ಹಾಗೆ ಬರುತ್ತೆ. ಅದೂ ಉರಿ ಆಲ್ಕೋಹಾಲಿನದೇ ಆಗಿದ್ದರೆ. ಸೆಖೇಲಿ ಹುಳಿಸಿದಾಗ ಬರೋ ಪೆಟ್ರೋಲಿನಂಥ ಘಾಟು ಆಗಿದ್ದರೆ ಇಟ್ಟು ಪ್ರಯೋಜನ ಕಮ್ಮಿ.

ಅತ್ತೆ: ಮೂಗು ಮೋಸ ಮಾಡಲ್ವೇನೆ?

ಸೊಸೆ: ನಾಲಿಗೆ ಮೋಸ ಮಾಡುತ್ತೆ. ಎಳೆ ಬಿಯರಲ್ಲಿ ಗ್ಯಾಸ್ ಇರಲ್ಲವಲ್ಲ, ಚುರುಕು ಅನ್ನೋದು ಇರಲ್ಲ, ಇರೋದಕ್ಕಿಂತ ಸಿಹಿಯಾಗಿ, ಮಂದವಾಗಿ ತೋರುತ್ತೆ. ಸಿಹಿ ಇದೆ, ಇನ್ನೂ ಹುಳಿತಿಲ್ಲ ಅಂತ ಒಬ್ಬರು ಅಂದುಕೊಳ್ತಾರೆ. ಮುಗಿದಿದೆ ಅಂತ ಇನ್ನೊಬ್ಬರು ಬಾಟ್ಲಿಗೆ ತುಂಬ್ತಾರೆ. ಅದಕ್ಕೆ ಹೈಡ್ರೋಮೀಟರ್ ಇರೋದು. ಸಕ್ಕರೆ ಇದ್ದಷ್ಟೂ ಅದು ಮೇಲೆ ತೇಲುತ್ತೆ. ಶುರುವಿಗೆ 1.050 ತೋರಿಸಿದ್ದು ಕೊನೆಗೆ 1.012ರ ಹತ್ತಿರ ಬಂದು, ಎರಡು ಮೂರು ದಿನ ಅಲ್ಲಾಡದೆ ನಿಂತರೆ ಮುಗೀತು ಅಂತ. ಮುಗಿಯದೇ ತುಂಬಿದರೆ ಬಾಟ್ಲಿ ಒಳಗೇ ಗ್ಯಾಸ್ ಹುಟ್ಟಿ ಒಡೆದು ಸಿಡಿಯುತ್ತೆ. ಗಾಜು ಅತ್ತೆ, ಆಟ ಅಲ್ಲ. ಸಕ್ಕರೆ ಎಷ್ಟು ಉಳಿದಿದೆ ಅನ್ನೋದು ಅಳತೆ ಕಡ್ಡಿ ಕೆಲಸ, ವಾಸನೆ ಯಾವ ಕಡೆಗೆ ಹೊರಟಿದೆ ಅನ್ನೋದು ಮೂಗಿನ ಕೆಲಸ. ಒಂದರ ಕೆಲಸ ಇನ್ನೊಂದಕ್ಕೆ ಕೊಡಬಾರದು.

ಅತ್ತೆ: ಸರಿ, ಬಾರ್ಲಿ ಮಾಲ್ಟು ದುಡ್ಡು ಕೊಟ್ಟು ತರ್ತೀಯ. ನಮ್ಮ ರಾಗೀಲಿ ಆಗಲ್ವಾ? ನಾನು ಮಗು ಸರಿ ಹಿಟ್ಟಿಗೆ ಮಾಡೋದೂ ಅದೇ ಅಲ್ವ. ರಾಗಿ ನೆನೆಹಾಕಿ, ಬಟ್ಟೇಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಬೇರು ಉಜ್ಜಿ ಕೇರಿ, ಹುರಿದು ಬೀಸೋದು. ನಿನಗೂ ಅದನ್ನೇ ತಿನ್ನಿಸಿ ಬೆಳೆಸಿದ್ದು.

ಸೊಸೆ: ಅದು ಅಪ್ಪಟ ಮಾಲ್ಟೇ ಅತ್ತೆ. ಆ ಹಿಟ್ಟಿನ ಗಂಜಿ ಬರೀ ರಾಗಿ ಹಿಟ್ಟಿನ ಗಂಜಿಗಿಂತ ತೆಳ್ಳಗಾಗುತ್ತಲ್ಲ, ಗಮನಿಸಿದ್ದೀರಾ?

ಅತ್ತೆ: ನೀರಾಗುತ್ತೆ. ಅದಕ್ಕೇ ಹಿಟ್ಟು ಒಂದು ಚಮಚ ಜಾಸ್ತಿ ಹಾಕೋದು.

ಸೊಸೆ: ಮೊಳಕೇಲಿ ಹುಟ್ಟೋ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನ ಕತ್ತರಿಸಿ ಸಕ್ಕರೆ ಮಾಡೋದರಿಂದ ಹಾಗೆ. ಮಗುವಿನ ಪುಟ್ಟ ಹೊಟ್ಟೆಗೆ ಅದೇ ಲಾಭ, ತೆಳ್ಳಗಿದ್ದರೂ ಹೆಚ್ಚು ಹಿಟ್ಟು ಒಳಗೆ ಹೋಗುತ್ತೆ. ಕಿರುಧಾನ್ಯಗಳಲ್ಲಿ ಮಾಲ್ಟಿಗೆ ರಾಗಿಯಷ್ಟು ಹೊಂದೋದು ಅಪರೂಪ, ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ರಾಗಿ ಮಾಲ್ಟಿನ ಮೇಲೆ ಬಹಳ ಕೆಲಸ ನಡೆದಿದೆ. ನೇಪಾಳ, ಸಿಕ್ಕಿಂ ಕಡೆ ರಾಗಿಯನ್ನ ಬೇಯಿಸಿ ಹುಳಿಸಿ, ಬಿದಿರಿನ ಪಾತ್ರೆಗೆ ತುಂಬಿ, ಬಿಸಿನೀರು ಹೊಯ್ದು ಕೊಳವೆಯಲ್ಲಿ ಹೀರ್ತಾರೆ, ತೋಂಗ್ಬಾ ಅಂತ. ಉಗಾಂಡಾದಲ್ಲೂ ರಾಗಿ ಬಿಯರು ಹಳೇ ರೂಢಿ. ಬೆಂಗಳೂರಿನ ಬ್ರೂ ಪಬ್ಬುಗಳಲ್ಲೂ ರಾಗಿ ಹಾಕಿದ ಬಿಯರು ಬಂದಿದೆ. ನಿಮ್ಮ ಸರಿ ಹಿಟ್ಟಿಗೂ ಬಿಯರಿನ ಮಾಲ್ಟಿಗೂ ಇರೋ ವ್ಯತ್ಯಾಸ ಒಂದೇ, ಹುರಿಯೋದು. ಹುರಿದರೆ ಘಮ ಬರುತ್ತೆ, ಕಿಣ್ವ ಬಹಳಷ್ಟು ಸಾಯುತ್ತೆ. ಬಿಯರಿಗಾದರೆ ನೆರಳಲ್ಲೋ ಎಳೆ ಬಿಸಿಲಲ್ಲೋ ಒಣಗಿಸಿ ನಿಲ್ಲಿಸಬೇಕು.

ಅತ್ತೆ: ಅಷ್ಟೇ ತಾನೆ. ಮನೇಲಿ ಹೊಸ ರಾಗಿ ಐತೆ. ನೀನು ಇರೋ ಹೊತ್ತಿಗೇ ಮಾಡೋಣ.

ಸೊಸೆ: ಅಯ್ಯೋ ಬೇಡಿ ಅತ್ತೆ. ಮಾಲ್ಟ್ ಮಾಡಿ, ಬಿಯರ್ ಬೇಡ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೇಲಿ ಮದ್ಯ ತಯಾರಿಸೋದು 1965ರ ಅಬಕಾರಿ ಕಾಯಿದೆ ಪ್ರಕಾರ ಅಪರಾಧ, ಮಾರೋಕಲ್ಲ, ಸ್ವಂತಕ್ಕೆ ಅಂದರೂ ಅಷ್ಟೇ. ಅಮೆರಿಕದಲ್ಲೂ ಬಹಳ ಕಾಲ ಬಿಟ್ಟಿರಲಿಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಮನೆಯ ಬಿಯರಿಗೆ ತೆರಿಗೆ ತೆಗೆದು ದಾರಿ ಮಾಡಿದ್ರು. ಇಬ್ಬರು ದೊಡ್ಡವರಿರೋ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರೋ ಹಾಗಿಲ್ಲ. ಅಲಬಾಮಾ, ಮಿಸಿಸಿಪ್ಪಿ ರಾಜ್ಯದವರು ಒಪ್ಪಿಕೊಂಡದ್ದು 2013ರಲ್ಲಿ.

ಅತ್ತೆ: ಇಲ್ಲಿ 2007ರಲ್ಲಿ ಸಾರಾಯಿ ನಿಲ್ಲಿಸಿದಾಗ ನಮ್ಮೂರ ಹೆಂಗಸರು ಬದುಕಿದೋ ಅಂದುಕೊಂಡೋ. ಪ್ಯಾಕೆಟ್ಟು ಹೋಗಿ ಬಾಟ್ಲಿ ಬಂತು, ಅಷ್ಟೇ. ನಾನು ಬಿಯರಿನ ಪರ ಅಂತ ತಿಳ್ಕೋಬೇಡ. ಮಾಡೋ ಕೆಲಸ ನೀಟಾಗಿರಬೇಕು ಅಂತ ಹೇಳ್ತಿರೋದು.

ಸೊಸೆ: ಅದು ನನಗೂ ಗೊತ್ತು. ರಾಗಿ ಬಿಯರನ್ನ ಪೋರ್ಟ್‌ಲ್ಯಾಂಡಿನಲ್ಲೇ ಮಾಡ್ತೀನಿ, ಅಲ್ಲಿನ ಇಂಡಿಯನ್ ಅಂಗಡೀಲಿ ರಾಗಿ ಸಿಗುತ್ತೆ. ಮೊಳಕೆ ಎಷ್ಟು ಉದ್ದಕ್ಕೆ ನಿಲ್ಲಿಸಬೇಕು ಅಂತ ಮಾತ್ರ ನೀವು ಹೇಳಬೇಕು. ರಾಗಿಯ ಪಿಷ್ಟ ಬಾರ್ಲಿಯದಕ್ಕಿಂತ ಹೆಚ್ಚು ಕಾವು ಕೇಳುತ್ತೆ, ಒಂದು ಪಾಲನ್ನ ಮೊದಲು ಗಂಜಿ ಹಾಗೆ ಬೇಯಿಸಿ, ಆರಿಸಿ, ಆಮೇಲೆ ಮಾಲ್ಟ್ ಹಿಟ್ಟು ಸೇರಿಸೋಣ ಅಂತಿದ್ದೀನಿ. ರಾಗಿ ಬಿಯರಿನ ಎಳೇ ವಾಸನೆ ಹೇಗಿರುತ್ತೋ. ಬಾರ್ಲಿಯದರ ಹಾಗೆ ಇರಲ್ಲ.

ಅತ್ತೆ: ರಾಗಿ ಹುಳಿ ಬಂದಾಗಿನ ವಾಸನೆ ಅಂಬಲಿ ಕಾಯಿಸಿದೋರಿಗೆಲ್ಲ ಗೊತ್ತು. ಒಳ್ಳೇ ಹುಳಿ ಒಂದು, ಕೆಟ್ಟ ಹುಳಿ ಒಂದು. ಮೊಳಕೆ ಬಿಳೀ ತುದಿ ಕಂಡು ಕಾಳಿಗಿಂತ ಸ್ವಲ್ಪ ಉದ್ದ ಆಗಲಿ, ಬಟ್ಟೆ ಬಿಚ್ಚಿದಾಗ ಹಸಿ ವಾಸನೆ ಬರಬೇಕು, ಮುಗ್ಗು ಬಂದರೆ ಕೋಳಿಗೆ ಹಾಕು. ಮಾಡಿ, ಎಳೇದಿರೋವಾಗಲೇ ಆ ಎರಡು ಲೋಟದ ಪರೀಕ್ಷೆ ಮಾಡಿ ಫೋನ್ ಮಾಡು. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳಬೇಡ. ಯಾವ ವಾಸನೆ, ನೆನ್ನೆಗಿಂತ ಹೆಚ್ಚೋ ಕಮ್ಮಿಯೋ, ಅಷ್ಟು ಹೇಳು.